ರಾಮದುರ್ಗದ ಡಬ್ಬಿಗೆ ಕಿತ್ತೂರಿನ ಮಾತು

ನಮ್ಮ ಸಂಸ್ಥೆಗೆ ನಾಲ್ಕು ದವಾಖಾನೆ, ನಾಲ್ಕು ಸ್ವಿಚ್ಚು, ಅವುಗಳನ್ನು ನೋಡಿಕೊಳ್ಳಲು ನಾನೊಬ್ಬ. ಸ್ವಿಚ್ಚು ಎಂದರೆ ಗೋಡೆಯ ಮೇಲಿನ ದೀಪದ ಗುಂಡಿಯಲ್ಲ. ಕಂಪ್ಯೂಟರು, ಇಸಿಜಿ ಯಂತ್ರ, ಫೋನುಗಳ ತಂತಿಗಳೆಲ್ಲ ಬಂದು ಸೇರುವ ಲೋಹದ ಡಬ್ಬಿ. ಅದಕ್ಕೆ ತನ್ನದೇ ಪರದೆ ಇಲ್ಲ. ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಆಜ್ಞೆಗಳನ್ನು ಒಂದೊಂದಾಗಿ ಟೈಪು ಮಾಡಿದರೆ ಮಾತ್ರ ಅದು ಕೇಳುತ್ತದೆ. ಕೇಳುತ್ತದೆ ಎಂದದ್ದು ಸೌಜನ್ಯಕ್ಕೆ.

ಬೈಲಹೊಂಗಲದ್ದು ಒಂದು ಕಂಪನಿಯದು, ಕಿತ್ತೂರಿನದು ಯಾರೋ ಪುಣ್ಯಾತ್ಮರು ದಾನ ಕೊಟ್ಟ ಇನ್ನೊಂದು ಕಂಪನಿಯದು, ಸವದತ್ತಿ ಮತ್ತು ರಾಮದುರ್ಗದವು ಮೂರನೆಯ ಕಂಪನಿಯ ಜೋಡಿ. ಮಾಡುವ ಕೆಲಸ ನಾಲ್ಕೂ ಕಡೆ ಒಂದೇ, ಮಾತು ಮಾತ್ರ ಬೇರೆ. ಬೈಲಹೊಂಗಲದ ಡಬ್ಬಿ ನೀವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿರುತ್ತದೆ, ಕೊನೆಗೆ ‘ಕಮಿಟ್’ ಎಂದರಷ್ಟೇ ಜಾರಿಗೆ ತರುತ್ತದೆ. ಸವದತ್ತಿಯದು ಹೇಳಿದ ಕ್ಷಣವೇ ಮಾಡುತ್ತದೆ, ಆದರೆ ‘ಸೇವ್’ ಎನ್ನದಿದ್ದರೆ ಕರೆಂಟು ಹೋಗಿ ಬಂದಾಗ ಮರೆತುಬಿಡುತ್ತದೆ. ಕಿತ್ತೂರಿನದು ಹೇಳಿದ ಕ್ಷಣವೇ ಮಾಡಿ, ಕೇಳದೆಯೇ ಉಳಿಸಿಯೂ ಇಡುತ್ತದೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರೆ, ಇಲ್ಲಿ ಊರೇ ಇಲ್ಲ, ಬರೀ ಎಡವಟ್ಟರು.

ಬೇರೆ ದವಾಖಾನೆಗಳಲ್ಲಿ ಈ ಕೆಲಸಕ್ಕೆಂದು ಯಾರೂ ಇರಲಿಲ್ಲ. ಸಂಪರ್ಕ ಕಡಿದಾಗ ಬೈಲಹೊಂಗಲದಲ್ಲಿ ಕೂತ ನನಗೆ ಅಲ್ಲಿಯ ಡಬ್ಬಿ ಕಾಣುವುದಿಲ್ಲ. ಆಗ ಅಲ್ಲಿರುವವರೊಬ್ಬರು ಡಬ್ಬಿಗೆ ಲ್ಯಾಪ್‌ಟಾಪು ಜೋಡಿಸಿ, ನಾನು ಫೋನಿನಲ್ಲಿ ಹೇಳುವ ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಟೈಪು ಮಾಡಬೇಕು. ರಾಮದುರ್ಗದಲ್ಲಿ ಆ ಕೆಲಸ ಬಿದ್ದದ್ದು ಎಕ್ಸರೇ ತಂತ್ರಜ್ಞೆಯ ಮೇಲೆ. ನಲವತ್ತರ ಆಸುಪಾಸಿನ ಹೆಂಗಸು, ದಿನಾ ಕಟಕೋಳದಿಂದ ಬಸ್ಸಿನಲ್ಲಿ ಬರುತ್ತಿದ್ದರು. ವರ್ಷ ವರ್ಷ ನವೀಕರಿಸುವ ಗುತ್ತಿಗೆಯ ನೇಮಕ. ಅವರ ಆದೇಶದಲ್ಲಿ ಸ್ವಿಚ್ಚಿನ ಹೆಸರೇ ಇರಲಿಲ್ಲ, ಆದರೂ ಒಂದು ದಿನವೂ ‘ಇದು ನನ್ನ ಕೆಲಸಲ್ಲ’ ಎಂದವರಲ್ಲ.

ನಾವಿಬ್ಬರೂ ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಬಿ ಅಂದರೆ ಬೈಲಹೊಂಗಲ, ಕೆ ಅಂದರೆ ಕಿತ್ತೂರು, ಎಸ್ ಅಂದರೆ ಸವದತ್ತಿ, ಆರ್ ಅಂದರೆ ರಾಮದುರ್ಗ, ಎಂ ಅಂದರೆ ಮುರಗೋಡ. ಎಕ್ಸ್‌ಗೆ ಊರು ಸಿಗದೆ ಎಕ್ಸರೇ ಎಂದೇ ಇಟ್ಟುಕೊಂಡೆವು. ನಾನು ಹೇಳಬೇಕು, ಅವರು ಪೂರ್ತಿ ಸಾಲನ್ನು ತಿರುಗಿ ಓದಬೇಕು, ನಾನು ‘ಒತ್ತರಿ’ ಎಂದ ಮೇಲೇ ಎಂಟರ್ ಒತ್ತಬೇಕು. ಅವರ ಹತ್ತಿರ ಒಂದು ವಹಿ ಇತ್ತು. ಅದರಲ್ಲಿ ಊರಿಗೆರಡು ಹಾಳೆಯಂತೆ ಬಿಟ್ಟು, ಯಾವ ಆಜ್ಞೆ ಏನು ಮಾಡುತ್ತದೆ ಎಂದು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಬೇರೆ ಊರಿನವು ನಿಮಗೇಕೆ ಎಂದು ಕೇಳಿದ್ದಕ್ಕೆ, "ಇರಲಿ ಸರ್, ಯಾವಾಗರ ಬೇಕಾಗತಾವು" ಅಂದಿದ್ದರು. ನಾವು ಡಬ್ಬಿಗಳನ್ನು ಕಂಪನಿಯ ಹೆಸರಿನಿಂದ ಕರೆಯುತ್ತಲೇ ಇರಲಿಲ್ಲ. ‘ಕಿತ್ತೂರು ಹಂಗ ಮಾಡತೈತಿ, ಸವದತ್ತಿ ಹಿಂಗ ಮಾಡತೈತಿ’ ಎಂದೇ ಮಾತು. ಪೆಟ್ಟು ಬಿದ್ದದ್ದು ಈ ರೂಢಿಯಿಂದಲೇ.

ಒಂದು ಮಳೆಗಾಲದಲ್ಲಿ ಸಿಡಿಲಿಗೆ ರಾಮದುರ್ಗದ ಸ್ವಿಚ್ಚು ಸುಟ್ಟಿತು. ಅಷ್ಟರಲ್ಲಿ ಕಿತ್ತೂರಿಗೆ ಹೊಸದು ಬಂದಿತ್ತು. ಅಲ್ಲಿಯ ಹಳೆಯ ಡಬ್ಬಿಯನ್ನು ನಾನೇ ಬೈಕಿಗೆ ಕಟ್ಟಿಕೊಂಡು ಒಯ್ದು ರಾಮದುರ್ಗದಲ್ಲಿ ಕೂರಿಸಿದೆ. ಪ್ರತಿ ಸಾಲಿನ ಮುಂದೆ ಡಬ್ಬಿ ತನ್ನ ಹೆಸರು ತೋರಿಸುತ್ತದೆ. ಇದು ‘ಕಿತ್ತೂರು’ ಎಂದು ತೋರಿಸುತ್ತಿತ್ತು. ಸಂಸ್ಥೆಯ ಕಾರ್ಯದರ್ಶಿಗಳ ತಪಾಸಣೆ ಪಟ್ಟಿಯಲ್ಲಿ ಊರು, ಹೆಸರು ಎರಡೂ ತಾಳೆಯಾಗಬೇಕಿತ್ತು. ಹಾಗಾಗಿ ಅಳಿಸಿ ‘ರಾಮದುರ್ಗ’ ಎಂದು ಹಾಕಿದೆ. ಆಮೇಲೆ ಅದು ಒಂದು ತಕರಾರೂ ಇಲ್ಲದೆ ನಡೆಯಿತು, ನಾನೂ ಮರೆತೆ.

ಮರೆತದ್ದು ನೆನಪಾದದ್ದು ಒಂದು ಮಂಗಳವಾರ. ರಾಮದುರ್ಗಕ್ಕೆ ದಾನಿಯೊಬ್ಬರು ಹೊಸ ಎಕ್ಸರೇ ಯಂತ್ರ ಕೊಡಿಸಿದ್ದರು. ಅಲ್ಲಿ ತೆಗೆದ ಚಿತ್ರ ಕೂಡಲೇ ಬೈಲಹೊಂಗಲದ ಡಾಕ್ಟರ ಪರದೆಯ ಮೇಲೆ ಮೂಡಬೇಕು. ಬುಧವಾರ ಬೆಳಗ್ಗೆ ಉದ್ಘಾಟನೆ. ನಾನು ಮಾಡಬೇಕಾದ್ದು ಒಂದೇ ಸಾಲಿನ ಕೆಲಸ. ಎರಡು ಊರುಗಳ ನಡುವಿನ ಒಂದೇ ಸಂಪರ್ಕದಲ್ಲಿ ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ನಂಬರು ಇರುತ್ತವೆ. ಹತ್ತು ಎಂದರೆ ಕಚೇರಿಯ ಕೆಲಸ, ನಾನು ದೂರದಿಂದ ಡಬ್ಬಿಯೊಳಗೆ ಹೋಗುವುದೂ ಅದರಲ್ಲೇ. ಇಪ್ಪತ್ತು ಎಂದರೆ ಬೈಲಹೊಂಗಲದ ಡಾಕ್ಟರಿಗೆ ಬರುವ ಇಸಿಜಿ. ಈಗ ಮೂವತ್ತನ್ನು ಎಕ್ಸರೇಗೆಂದು ಒಳಗೆ ಬಿಡಬೇಕಿತ್ತು.

ಬೈಲಹೊಂಗಲದಲ್ಲಿ ಕೂತು, ಸವದತ್ತಿಯಲ್ಲಿ ಎಷ್ಟೋ ಸಲ ಹೊಡೆದ ಸಾಲನ್ನೇ ಹೊಡೆದೆ: ‘ಅಲೌ ಮೂವತ್ತು’. ಸವದತ್ತಿಯ ಡಬ್ಬಿಯಲ್ಲಿ ಅದರ ಅರ್ಥ, ಇದ್ದವರ ಜೊತೆ ಮೂವತ್ತನ್ನೂ ಬಿಡು. ಎಂಟರ್ ಒತ್ತಿದೆ. ಪರದೆ ನಿಂತುಹೋಯಿತು. ಕರ್ಸರು ಮಿಣುಕುವುದೂ ನಿಂತಿತು. ಕರೆಂಟು ಹೋಗಿರಬೇಕು ಎಂದುಕೊಂಡು ರಾಮದುರ್ಗಕ್ಕೆ ಫೋನು ಮಾಡಿದೆ.

"ಕರೆಂಟು ಐತ್ರಿ ಸರ್. ದೀಪ ಎಲ್ಲಾ ಹಸರಽ ಅದಾವು. ಆದ್ರ ಇಸಿಜಿ ಹೋಗವಲ್ದು. ಇಲ್ಲೆ ಒಬ್ಬ ಅಜ್ಜಾರು ಎದಿನೋವು ಅಂತ ಬಂದಾರ" ಎಂದರು ತಂತ್ರಜ್ಞೆ.

ಡಬ್ಬಿ ಮೂವತ್ತನ್ನು ಒಳಗೆ ಬಿಟ್ಟು ಹತ್ತು, ಇಪ್ಪತ್ತನ್ನು ಹೊರಗೆ ಹಾಕಿತ್ತು. ಕಿತ್ತೂರಿನ ಮಾತಿನಲ್ಲಿ ‘ಅಲೌ ಮೂವತ್ತು’ ಎಂದರೆ ಮೂವತ್ತನ್ನು ಮಾತ್ರ ಬಿಡು ಎಂದು. ಮೂರೂ ನಂಬರನ್ನು ಒಟ್ಟಿಗೆ ಹೇಳಬೇಕಿತ್ತು. ಇದೆಲ್ಲ ಆಮೇಲೆ ತಿಳಿದದ್ದು. ಆಗ ನನ್ನ ತಲೆಯಲ್ಲಿದ್ದದ್ದು, ಏನೋ ತಪ್ಪು ನಂಬರು ಹೊಡೆದೆ, ಸೇವ್ ಮಾಡಿಲ್ಲ, ಆರಿಸಿ ಹಚ್ಚಿದರೆ ಮರೆತುಬಿಡುತ್ತದೆ ಎಂಬುದಷ್ಟೇ.

"ಅಕ್ಕಾರ, ಆರಿಸಿ ಹಚ್ಚರಿ" ಅಂದೆ.

ಅವರು ಆರಿಸಿ ಹಚ್ಚಿದರು. ಅದು ಎದ್ದು ಕೂರಲು ನಾಲ್ಕೈದು ನಿಮಿಷ ಬೇಕು. ಅಷ್ಟರಲ್ಲಿ ಅವರು ಅಜ್ಜನ ಇಸಿಜಿ ಪಟ್ಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದು ನಮ್ಮ ಡಾಕ್ಟರಿಗೆ ನೇರವಾಗಿ ಕಳಿಸಿ, ಬೆಳಗಾವಿಗೆ ಒಯ್ಯಲಿ ಎಂಬ ಉತ್ತರವನ್ನೂ ತರಿಸಿಕೊಂಡು, ಅಜ್ಜನನ್ನು ಗಾಡಿ ಹತ್ತಿಸಿಯೂ ಆಗಿತ್ತು. ನಾನು ಮಾತ್ರ ಕಪ್ಪು ಪರದೆ ನೋಡುತ್ತ ಕೂತಿದ್ದೆ. ಡಬ್ಬಿ ಎದ್ದಿತು, ಸಂಪರ್ಕ ಏಳಲಿಲ್ಲ. ಕಿತ್ತೂರಿನದು ತಾನೇ ಉಳಿಸಿಕೊಳ್ಳುತ್ತದಲ್ಲ, ನನ್ನ ತಪ್ಪನ್ನೂ ಜೋಪಾನವಾಗಿ ಉಳಿಸಿಕೊಂಡಿತ್ತು.

ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕೈ ರೂಢಿಗೆ ನಾನೇ ಸೇವ್ ಹೊಡೆದಿರಬೇಕು ಎಂದು ಸಮಾಧಾನ ಹೇಳಿಕೊಂಡೆ. ಡಬ್ಬಿಗೆ ತಂತಿ ಜೋಡಿಸಿರಿ, ಟೈಪು ಮಾಡೋಣ ಎಂದೆ. ‘ಅಲೌ ಆಡ್ ಹತ್ತು’ ಹೇಳಿದೆ. "ತಪ್ಪು ಅಂತ ಬಂತ್ರಿ" ಎಂದರು. ಏನು ತಪ್ಪು ಎಂದು ಹೇಳುತ್ತದೆಯೇ? ಇಲ್ಲ, ತಪ್ಪಿದ ಜಾಗದ ಕೆಳಗೆ ಒಂದು ಬಾಣದ ಗುರುತು ಇಡುತ್ತದೆ, ಅದೂ ಒಂದು ಅಕ್ಷರ ಆಚೆಗೆ. ಪ್ರಶ್ನಾರ್ಥಕ ಚಿಹ್ನೆ ಒತ್ತಿಸಿದೆ. ಅದರ ಮುಂದೆ ಯಾವ ಯಾವ ಶಬ್ದ ನಡೆಯುತ್ತದೆ ಎಂದು ಉದ್ದ ಪಟ್ಟಿ ಬಂತು. ಆಕೆ ಒಂದೊಂದೇ ಶಬ್ದ ಬಿಡಿಸಿ ಓದಿದರು. ಪಟ್ಟಿ ಪರದೆಯಿಂದ ಓಡಿಹೋಗುತ್ತಿತ್ತು, ಮತ್ತೆ ಒತ್ತಿಸುತ್ತಿದ್ದೆ. ಅರ್ಧ ತಾಸು ಹೀಗೇ ಹೋಯಿತು. ಈ ನಡುವೆ ಕಾರ್ಯದರ್ಶಿಗಳು ಎರಡು ಸಲ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಹೋದರು.

ಕೊನೆಗೆ ಒಂದು ನಿರ್ಧಾರಕ್ಕೆ ಬಂದೆ. ಸವದತ್ತಿ ಮಾದರಿಯ ಡಬ್ಬಿ ಹಿಂದಿನ ಒಳ್ಳೆಯ ಪ್ರತಿಯೊಂದನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿರುತ್ತದೆ. ‘ರಿಸ್ಟೋರ್’ ಎಂದರೆ ಅದನ್ನು ಹೊರಗೆ ತೆಗೆಯುತ್ತದೆ. ಅಕ್ಷರ ಹೇಳಿದೆ. ಅವರು ತಿರುಗಿ ಓದಿದರು. ಆಮೇಲೆ ವಹಿಯ ಹಾಳೆ ತಿರುವಿದ ಸದ್ದಾಯಿತು.

"ಸರ್, ಒಂದು ನಿಮಿಷ ತಡೀರಿ. ಈ ಶಬ್ದದ ಮುಂದ ನಾ ಕಿತ್ತೂರ ಹಾಳ್ಯಾಗ ‘ಎಂದೂ ಒತ್ತಬಾರದು, ಎಲ್ಲಾ ಅಳಸತೈತಿ’ ಅಂತ ಬರಕೊಂಡೇನಿ. ನೀವಽ ಹೇಳಿದ್ರಿ."

"ಅದು ಕಿತ್ತೂರಿಂದು ಅಕ್ಕಾರ. ನೀವು ರಾಮದುರ್ಗದಾಗ ಅದೀರಿ."

"ಹೌದ್ರಿ, ಆದ್ರ ಈ ಡಬ್ಬಿ ನೀವು ಸಿಡ್ಲು ಬಡದಾಗ ಅಲ್ಲಿಂದ…"

"ನಿಮ್ಮ ಮುಂದ ಪರದೆ ಮ್ಯಾಲೆ ಏನ ಹೆಸರೈತಿ, ಓದ್ರಿ."

"ರಾಮದುರ್ಗ ಅಂತೈತ್ರಿ."

"ಮತ್ತ? ಒತ್ತರಿ."

ಇನ್ನೊಂದು ಕ್ಷಣ ಅವರು ತಡೆದರು. ಹಿಂದೆ ಯಾರೋ ಕೆಮ್ಮಿದ್ದು ಫೋನಿನಲ್ಲಿ ಕೇಳಿಸಿತು. ನಾನು ದನಿ ಏರಿಸಿದೆ: "ಒತ್ತರಿ ಅಂದ್ನೆಲ್ರಿ!"

ಒತ್ತಿದರು. "ಇದು ಖರೇ ಏನು ಅಂತ ಸೈತ ಕೇಳಲಿಲ್ರಿ ಸರ್" ಎಂದರು. ಇದೇ ಡಬ್ಬಿ ಗಡಿಯಾರದ ಒಂದು ನಿಮಿಷ ತಿದ್ದಲು ಹೋದರೆ ‘ಖಚಿತವೇ’ ಎಂದು ಎರಡು ಸಲ ಕೇಳುತ್ತದೆ. ತನ್ನನ್ನೇ ಪೂರ್ತಿ ಅಳಿಸಿಕೊಳ್ಳುವಾಗ ಒಂದು ಮಾತೂ ಕೇಳಲಿಲ್ಲ. ಕಿತ್ತೂರಿನ ಮಾತಿನಲ್ಲಿ ‘ರಿಸ್ಟೋರ್’ ಎಂದರೆ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳು ಎಂದು. ಮತ್ತೆ ಎದ್ದಾಗ ಪರದೆಯ ಮೇಲಿನ ರಾಮದುರ್ಗ ಎಂಬ ಹೆಸರೂ ಹೋಗಿತ್ತು. ಆಗ ನನಗೆ ಎಲ್ಲ ಒಮ್ಮೆಲೇ ಅರ್ಥವಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಇದಕ್ಕೇ.

ಬೈಕು ಹತ್ತಿ ಮುರಗೋಡ ದಾಟಿ ಕಟಕೋಳದ ಮೇಲೆ ಹಾಯ್ದು ರಾಮದುರ್ಗ ಮುಟ್ಟಿದಾಗ ಇಳಿಹೊತ್ತಾಗಿತ್ತು. ಪೆನ್‌ಡ್ರೈವಿನಲ್ಲಿ ರಾಮದುರ್ಗದ ಡಬ್ಬಿಯ ಆಜ್ಞೆಗಳ ಹಳೆಯ ನಕಲು ಇತ್ತು. ತೆರೆದು ನೋಡಿದರೆ ಅದು ಸಿಡಿಲಿಗೆ ಸುಟ್ಟ ಡಬ್ಬಿಯದು, ಸವದತ್ತಿ ಮಾತಿನದು. ಈ ಡಬ್ಬಿಗೆ ಅದರ ಒಂದು ಸಾಲೂ ತಿಳಿಯದು. ಎಲ್ಲವನ್ನೂ ಕೈಯಿಂದ ಹೊಸದಾಗಿ ಹೊಡೆಯಬೇಕಾಯಿತು. ಯಾವ ತೂತಿಗೆ ಯಾವ ತಂತಿ ಎಂಬುದನ್ನು ತಂತ್ರಜ್ಞೆಯೇ ಟಾರ್ಚು ಹಿಡಿದು ಓದಿ ಹೇಳಿದರು, ಕೊನೆಯ ಬಸ್ಸಿನ ಹೊತ್ತಾಗುವವರೆಗೂ. ಬೆಳಗಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ನಾನು ಎತ್ತಬೇಕಿತ್ತು, ನಾಚಿಕೆಯಾಗಿ ಬಾಯಿ ಬರಲಿಲ್ಲ.

ಬುಧವಾರ ದಾನಿಗಳು ಬಂದರು. ಹಾರ, ಶಾಲು ಎಲ್ಲ ಆಯಿತು. ದಾನಿಗಳೇ ಯಂತ್ರದ ಗುಂಡಿ ಒತ್ತಿ, ಬೈಲಹೊಂಗಲದ ಡಾಕ್ಟರಿಗೆ ಚಿತ್ರ ಬಂತೇ ಎಂದು ಎಲ್ಲರ ಮುಂದೆ ಫೋನಿನಲ್ಲಿ ಕೇಳಿದರು. ಬಂದಿರಲಿಲ್ಲ. ಒಂದು ಸಾಲು ಇನ್ನೂ ಉಳಿದಿತ್ತು, ಅದು ನನಗೆ ಸಿಕ್ಕಿದ್ದು ಮಧ್ಯಾಹ್ನ ಊಟದ ಹೊತ್ತಿಗೆ. ದಾನಿಗಳು ಅಷ್ಟರಲ್ಲಿ ಹೋಗಿಯಾಗಿತ್ತು. ಹೋಗುವಾಗ ಅವರು ಕಾರ್ಯದರ್ಶಿಗಳ ಹೆಗಲ ಮೇಲೆ ಕೈಯಿಟ್ಟು ನಕ್ಕದ್ದನ್ನು ನಾನೂ ನೋಡಿದೆ. ಆ ನಗೆಯ ಸಾಲವನ್ನು ಯಾರಾದರೂ ತೀರಿಸಲೇಬೇಕಿತ್ತು.

ಕಾರ್ಯದರ್ಶಿಗಳು ನನ್ನಿಂದ ವರದಿ ಕೇಳಿದರು. ತಯಾರಕರ ಸಹಾಯವಾಣಿಗೂ ಫೋನು ಮಾಡಿದೆ, ಒಂದೇ ಶಬ್ದಕ್ಕೆ ನಾಲ್ಕು ಕಡೆ ನಾಲ್ಕು ಅರ್ಥವಾದರೆ ಹೇಗೆ ಎಂದು. "ಕೈಪಿಡಿಯಲ್ಲಿ ಇದೆ ಸರ್, ಬಳಸುವವರ ತಪ್ಪು" ಎಂದು ವಿನಯದಿಂದ ಫೋನಿಟ್ಟರು. ವರದಿಯನ್ನು ಮೂರು ಸಲ ಬರೆದು ಹರಿದೆ. ನಾಲ್ಕನೆಯ ಸಲ ಬರೆದದ್ದು ಇದು: ‘ದೂರವಾಣಿ ಸೂಚನೆಯಂತೆ ಆಜ್ಞೆಗಳನ್ನು ನಮೂದಿಸುವ ಸಂದರ್ಭದಲ್ಲಿ ಉಪಕರಣವು ಅನಿರೀಕ್ಷಿತವಾಗಿ ಮೂಲ ಸ್ಥಿತಿಗೆ ಮರಳಿತು.’ ಇದರಲ್ಲಿ ಸುಳ್ಳು ಎಲ್ಲಿದೆ ಎಂದು ಯಾರೂ ತೋರಿಸಲಾರರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆದಿದ್ದೆ. ಸೂಚನೆ ಕೊಟ್ಟವನು ನಾನು ಎಂದು ಓದುವವರು ತಿಳಿದುಕೊಳ್ಳಲಿ ಎಂಬುದು ನನ್ನ ನೆಪ. ಆಕೆ ನನ್ನನ್ನು ತಡೆದಿದ್ದರು ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ. ಬರೆದಿದ್ದರೆ ನನ್ನ ಮರ್ಯಾದೆ ಏನಾಗುತ್ತಿತ್ತು ಎಂಬ ಲೆಕ್ಕ ನನಗೆ ಚೆನ್ನಾಗಿ ಗೊತ್ತಿತ್ತು.

ಆ ವಾರವೇ ತಂತ್ರಜ್ಞೆಯ ಗುತ್ತಿಗೆ ಮುಗಿಯುವುದಿತ್ತು. ನವೀಕರಣ ಆಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸುದ್ದಿ ಕೇಳಿ ಕಾರ್ಯದರ್ಶಿಗಳ ಹತ್ತಿರ ಹೋದೆ. ಅವರು ಒಂದು ಹಾಳೆ ತೋರಿಸಿದರು. ಡಬ್ಬಿಗೆ ಜೋಡಿಸಿದ ಲ್ಯಾಪ್‌ಟಾಪಿನ ದಾಖಲೆ ಅದು, ಯಾವ ಹೊತ್ತಿಗೆ ಯಾರ ಹೆಸರಿನಲ್ಲಿ ಏನು ಟೈಪಾಯಿತು ಎಂಬುದು ಸಾಲುಸಾಲಾಗಿತ್ತು. ರಿಸ್ಟೋರಿನ ಮುಂದೆ ತಂತ್ರಜ್ಞೆಯ ಹೆಸರು.

"ಫೋನಿನ್ಯಾಗ ಹೇಳಿದವ ನಾನ್ರಿ" ಅಂದೆ.

"ನೀವು ಬೈಲಹೊಂಗಲದಾಗ ಇದ್ರಿ. ಒತ್ತಿದ್ದು ಯಾರ ಬೊಟ್ಟು?" ಎಂದರು. "ದಾನಿಗಳಿಗೆ ನಾ ಏನರ ಕ್ರಮ ತಗೊಂಡೇನಿ ಅಂತ ತೋರಸಬೇಕಲ್ರಿ. ನಿಮ್ಮನ್ನ ತಗದ್ರ ನಾಲ್ಕೂ ದವಾಖಾನಿ ಯಾರು ನೋಡಬೇಕು?"

ಈ ಮಾತಿಗೆ ನಾನು ಎದ್ದು ‘ಹಾಗಾದರೆ ನನ್ನನ್ನೇ ತೆಗೆಯಿರಿ’ ಎನ್ನಬೇಕಿತ್ತು. ಎದ್ದೆ, ಆದರೆ ನಮಸ್ಕಾರ ಹೇಳಿ ಹೊರಗೆ ಬಂದೆ.

ಮುಂದಿನ ವಾರ ರಾಮದುರ್ಗದ ಕೆಲಸ ಮುಗಿಸಿ ಬರುವಾಗ ಕಟಕೋಳದಲ್ಲಿ ಅವರ ಮನೆಗೆ ಹೋದೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟು, "ಬರ್ರಿ ಸರ್, ಕೂಡ್ರಿ" ಎಂದು ಕುರ್ಚಿ ಹಾಕಿ ಚಹಾ ಮಾಡಿಕೊಟ್ಟರು. ಏನು ಮಾಡುತ್ತಿದ್ದೀರಿ ಎಂದು ಕೇಳಲು ಧೈರ್ಯವಾಗಲಿಲ್ಲ. ತಪ್ಪಾಯಿತು ಎಂದಷ್ಟೇ ಹೇಳಿದೆ. ಆ ಒಂದು ಶಬ್ದಕ್ಕೆ ಎರಡು ವಾರ ತೆಗೆದುಕೊಂಡಿದ್ದೆ.

"ಕಾರ್ಯದರ್ಶಿ ಸಾಹೇಬ್ರು ನನ್ನೂ ಕರದಿದ್ರು" ಎಂದರು. "‘ಅದನ್ನ ಒತ್ತಿದ್ರ ಅಳಸತೈತಿ ಅಂತ ನಿಮಗ ಗೊತ್ತಿತ್ತೇನು’ ಅಂತ ಕೇಳಿದ್ರು. ಗೊತ್ತಿರಲಿಲ್ರಿ ಅಂದೆ."

"ಯಾಕ ಹಂಗ ಅಂದ್ರಿ? ನಿಮಗ ಗೊತ್ತಿತ್ತು."

"ಗೊತ್ತಿತ್ತು ಅಂದ್ರ ನಿಮ್ಮ ಹೆಸರು ಬರತಿತ್ತು. ಒಬ್ಬರ ನೌಕರಿಯರ ಉಳೀಲಿ ಬಿಡ್ರಿ. ‘ತಿಳೀದ ಮಾಡೀರಿ, ಬರೂ ವರ್ಷ ಅರ್ಜಿ ಹಾಕ್ರಿ, ನೋಡೂಣು’ ಅಂತ ಸಾಹೇಬ್ರು ಅಂದಾರ. ಆ ಹೊಸಾ ಮಷಿನ್ ಮ್ಯಾಲೆ ನಾ ಇನ್ನೂ ಒಂದ ಫೋಟೋನೂ ತಗದಿಲ್ಲ ಸರ್."

ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮರುದಿನ ಬೆಳಗ್ಗೆ ಕೂತು ಎಲ್ಲವನ್ನೂ ಬರೆದೆ. ಡಬ್ಬಿಯ ಹೆಸರು ಬದಲಿಸಿದವನು ನಾನು, ಮರೆತವನು ನಾನು. ಅವರು ಎರಡು ಸಲ ತಡೆದರು, ಕಾರಣವನ್ನೂ ಹೇಳಿದರು, ನಾನು ದನಿ ಏರಿಸಿ ಒತ್ತಿಸಿದೆ. ಈ ಉಪಕರಣದ ವಿಷಯದಲ್ಲಿ ಅವರಿಗೆ ನನಗಿಂತ ಹೆಚ್ಚು ಗೊತ್ತಿತ್ತು ಎಂದೂ ಬರೆದೆ. ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ. ಎದೆ ಸ್ವಲ್ಪ ಹಗುರಾಯಿತು. ಕಾರ್ಯದರ್ಶಿಗಳ ಮುಂದೆ ಇಟ್ಟೆ.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಅಂದ್ರ, ಅಕಿಗೆ ಗೊತ್ತಿತ್ತು."

"ಹೌದ್ರಿ. ಅದನ್ನಽ ಬರದೇನಿ."

"ಗೊತ್ತಿದ್ದೂ ಒತ್ತಿದ್ಲು."

"ನಾ ಒತ್ತರಿ ಅಂದೆರಿ."

"ನೀವು ಅಂತೀರಿ. ಗೊತ್ತಿದ್ದಾಕಿ ಕೈ ತಗೀಬೇಕಿತ್ತು. ಮ್ಯಾಲೆ ನನ್ನ ಮುಂದ ಗೊತ್ತಿರಲಿಲ್ಲ ಅಂತ ಸುಳ್ಳ ಬ್ಯಾರೆ. ಪಾಪ, ತಿಳೀಲಾರದ ಆಗೇತಿ, ಬರೂ ವರ್ಷ ಕರಕೊಳ್ಳೂಣು ಅನ್ಕೊಂಡಿದ್ದೆ ನೋಡ್ರಿ ನಾ."

ನಾನು ಏನೇನೋ ಹೇಳಿದೆ. ಡಬ್ಬಿಗಳ ಬಗ್ಗೆ, ಶಬ್ದಗಳ ಬಗ್ಗೆ, ಫೋನಿನಲ್ಲಿ ನಾನು ಕೂಗಿದ ಬಗ್ಗೆ. ಪತ್ರ ವಾಪಸು ಕೊಡಿರಿ ಎಂದೂ ಕೇಳಿದೆ. ಅವರು ಫೈಲು ತೆರೆದು ತಂತ್ರಜ್ಞೆಯ ಹೆಸರಿನ ಎದುರಿಗೆ ‘ಮರುನೇಮಕಕ್ಕೆ ಪರಿಗಣಿಸತಕ್ಕದ್ದಲ್ಲ’ ಎಂದು ಬರೆದರು. ಕಾರಣ ಎಂಬ ಜಾಗದಲ್ಲಿ ನನ್ನ ಪತ್ರದ ತಾರೀಖು ಹಾಕಿದರು.